ರಾಷ್ಟ್ರೀಯ ಕ್ರೀಡಾಕೂಟ: ಓಡುವವರು ಯಾರು, ಉಣ್ಣುವವರು ಯಾರು?

ಮೂವತ್ತೆಂಟನೆಯ ರಾಷ್ಟ್ರೀಯ ಕ್ರೀಡಾಕೂಟವನ್ನು ಪ್ರಧಾನಮಂತ್ರಿಗಳು 2025ರ ಜನವರಿ 28ರಂದು ಡೆಹರಾಡೂನಿನಲ್ಲಿ ಉದ್ಘಾಟಿಸಿದರು. ಫೆಬ್ರುವರಿ 14ರಂದು ಹಲ್ದ್ವಾನಿಯಲ್ಲಿ ಗೃಹಮಂತ್ರಿಗಳು ಸಮಾರೋಪದ ಭಾಷಣ ಮಾಡಿದರು. ನಡುವೆ ಸುಮಾರು ಹತ್ತು ಸಾವಿರ ಮಂದಿ ಆಟಗಾರರು ಉತ್ತರಾಖಂಡದ ಚಳಿಯಲ್ಲಿ ಓಡಿದರು, ಈಜಿದರು, ಕುಸ್ತಿ ಹಿಡಿದರು. ಮುಂದಿನ ಕೂಟಕ್ಕೆಂದು ಧ್ವಜವನ್ನು ಅಲ್ಲೇ ಮೇಘಾಲಯದ ಕೈಗೆ ಒಪ್ಪಿಸಲಾಯಿತು. ಭಾಷಣ ಮಾಡಿದವರ ಹೆಸರು ದೇಶಕ್ಕೆಲ್ಲ ಗೊತ್ತು. ಅಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದು ಬರಿಗೈಯಲ್ಲಿ ರೈಲು ಹತ್ತಿದ ಹುಡುಗನ ಹೆಸರು ಅವನ ಜಿಲ್ಲೆಗೂ ಗೊತ್ತಿಲ್ಲ.

ಇಂಥ ಕೂಟ ಬೇಡವೆಂದು ನಾವು ಹೇಳುವವರಲ್ಲ. ಮಣಿಪುರದ ಹುಡುಗಿ, ಹರಿಯಾಣದ ಹುಡುಗ, ನಮ್ಮ ಬೆಳಗಾವಿ ಕಡೆಯ ಪೈಲ್ವಾನ ಒಂದೇ ಅಂಗಳದಲ್ಲಿ ಉಂಡು, ಎದುರುಬದುರಾಗಿ ಆಡಿ, ಕೈ ಕುಲುಕಿ ಹೋಗುವುದು ಮಂತ್ರಿಗಳ ಭಾವೈಕ್ಯದ ನೂರು ಭಾಷಣಕ್ಕಿಂತ ಮೇಲು. ನಮ್ಮ ತಕರಾರು ಬೇರೆ ಕಡೆ ಇದೆ. ಈ ಕೂಟ ನಡೆಯುವುದು ಯಾರ ಬೆವರಿನಿಂದ, ಅದರ ಫಸಲು ಸೇರುವುದು ಯಾರ ಕಣಜಕ್ಕೆ ಎಂದು ಕೇಳಬೇಕಾಗಿದೆ. ಕೇಳಿದರೆ ಸಿಗುವ ಉತ್ತರ ಯಾವಾಗಲೂ ಒಂದೇ: ಆಟಗಾರ ಹವ್ಯಾಸಿ, ಆಟ ಅವನ ಸಂತೋಷಕ್ಕೆ, ದೇಶದ ಗೌರವಕ್ಕೆ, ಅದರಲ್ಲಿ ದುಡ್ಡಿನ ಮಾತು ಎತ್ತಬಾರದು. ಕ್ರೀಡಾಂಗಣ ಕಟ್ಟಿದ ಕಂತ್ರಾಟುದಾರ ಹವ್ಯಾಸಿಯಲ್ಲ. ದೀಪಾಲಂಕಾರದವನು ಹವ್ಯಾಸಿಯಲ್ಲ. ಪ್ರಸಾರದ ಕಂಪನಿ ಹವ್ಯಾಸಿಯಲ್ಲ. ಇಡೀ ಜಾತ್ರೆಯಲ್ಲಿ ದೇವರಿಗೊಬ್ಬನಿಗೇ ನೈವೇದ್ಯವಿಲ್ಲ!

'ಹವ್ಯಾಸಿ' ಎಂಬ ಈ ಮಾತಿನ ಹುಟ್ಟನ್ನು ಸ್ವಲ್ಪ ವಿಚಾರಿಸೋಣ. ನಮ್ಮಲ್ಲಿ ಹವ್ಯಾಸಿ ನಾಟಕದವರು ಎಂದರೆ ಹಗಲು ಕಚೇರಿಯಲ್ಲಿ ದುಡಿದು ಸಂಜೆ ಬಣ್ಣ ಹಚ್ಚುವವರು. ಅವರ ಮೇಲೆ ನಮಗೆ ಪ್ರೀತಿಯೇ ಇದೆ. ಆದರೆ ಆಟದ ಕ್ಷೇತ್ರದಲ್ಲಿ ಈ ಪದ ಅಷ್ಟು ನಿರಪರಾಧಿಯಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಉಳ್ಳವರು ತಮ್ಮ ಅಂಗಳದ ಸುತ್ತ ಕಟ್ಟಿಕೊಂಡ ಬೇಲಿ ಅದು. 1879ರಲ್ಲಿ ಹೆನ್ಲಿ ದೋಣಿ ಪಂದ್ಯ ನಡೆಸುವ ದೊಡ್ಡಮನುಷ್ಯರು ಹವ್ಯಾಸಿಗೆ ಒಂದು ಲಕ್ಷಣ ಬರೆದರು. ಹಣಕ್ಕಾಗಿ ಹುಟ್ಟು ಹಾಕಿದವನು ಹವ್ಯಾಸಿಯಲ್ಲ ಎಂದರೆ ಹೋಗಲಿ ಎನ್ನಬಹುದಿತ್ತು. ಕೂಲಿಗೆ ದುಡಿಯುವ ಯಂತ್ರಕಾರ್ಮಿಕ, ಕುಶಲಕರ್ಮಿ, ಕೂಲಿಕಾರ, ಇವರಾರೂ ಹವ್ಯಾಸಿಗಳಲ್ಲ ಎಂದೂ ಅದರಲ್ಲೇ ಬರೆದರು. ಅಂದರೆ ಕಮ್ಮಾರ ದೋಣಿ ಪಂದ್ಯದಲ್ಲಿ ಬಿಡಿಗಾಸು ಮುಟ್ಟದಿದ್ದರೂ ಕಮ್ಮಾರನಾದ ತಪ್ಪಿಗೆ ಆಚೆ ನಿಲ್ಲಬೇಕು. ಸುತ್ತಿಗೆ ಹಿಡಿದು ಗಟ್ಟಿಯಾದ ತೋಳು ಶ್ರೀಮಂತನ ಮಗನ ತೋಳನ್ನು ಸೋಲಿಸೀತು ಎಂಬ ಭಯ ಅಷ್ಟೆ! ಪಂಕ್ತಿಭೇದ ನಮ್ಮ ದೇಶದಲ್ಲಿ ಮಾತ್ರ ಇರುವುದೆಂದು ತಿಳಿದ ಇಂಗ್ಲಿಷ್ ಭಕ್ತರು ಇದನ್ನು ಗಮನಿಸಬೇಕು.

ಅದೇ ಬೇಲಿಯ ಮುಳ್ಳು ಅಮೆರಿಕೆಯ ಜಿಮ್ ಥಾರ್ಪನಿಗೆ ಚುಚ್ಚಿತು. ಅವನು ಅಲ್ಲಿನ ಮೂಲನಿವಾಸಿಗಳ ಕುಲದವನು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ. ಮರುವರ್ಷವೇ ಎರಡನ್ನೂ ಕಿತ್ತುಕೊಂಡರು. ಕಾರಣ, ಹಿಂದೆ ಬೇಸಿಗೆಯಲ್ಲಿ ಅವನು ಚಿಲ್ಲರೆ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದನಂತೆ. 1953ರಲ್ಲಿ ಅವನು ಸತ್ತ. 1982ರಲ್ಲಿ ಪದಕ ಹಿಂದಿರುಗಿಸಲು ಒಪ್ಪಿದರು. ಅವನೊಬ್ಬನೇ ವಿಜೇತನೆಂದು ಪೂರ್ತಿ ಒಪ್ಪಿಕೊಳ್ಳಲು 2022 ಬರಬೇಕಾಯಿತು. ಅಷ್ಟರಲ್ಲಿ, 1980ರ ದಶಕದಲ್ಲೇ, ಒಲಿಂಪಿಕ್ಸಿನವರು ಜಾಹೀರಾತುದಾರರ ಹಣ ಕಂಡು ವೃತ್ತಿಪರರಿಗೆ ಬಾಗಿಲು ತೆರೆದಿದ್ದರು. ಉಳ್ಳವರಿಗೆ ಬೇಕಾದಾಗ ಬೇಲಿ, ಬೇಡವಾದಾಗ ಹೆಬ್ಬಾಗಿಲು.

ಈ ಬೇಲಿ ನಮ್ಮ ದೇಶಕ್ಕೆ ಬಂದದ್ದು ಅರಮನೆ ಮತ್ತು ಗಿರಣಿ ಧಣಿಗಳ ಮೂಲಕ. ಇದರಲ್ಲಿ ಒಂದು ತಮಾಷೆಯಿದೆ. ಭಾರತ ಒಲಿಂಪಿಕ್ಸಿಗೆ ಹೋಗಬಹುದೆಂದು ದೊರಾಬ್ಜಿ ಟಾಟಾ ಅವರಿಗೆ ಹೊಳೆದದ್ದು ಪುಣೆಯ ಡೆಕ್ಕನ್ ಜಿಮ್ಖಾನಾದ ಪಂದ್ಯಗಳನ್ನು ಕಂಡಾಗ. ಅಲ್ಲಿ ಓಡಿದವರು ಹೊಲದಲ್ಲಿ ದುಡಿಯುವ ರೈತಮಕ್ಕಳು, ಬರಿಗಾಲಿನವರು. ಅವರ ವೇಗ ಯೂರೋಪಿನವರ ವೇಗಕ್ಕೆ ಬಹಳ ಹಿಂದಿಲ್ಲವೆಂಬುದನ್ನು ಟಾಟಾ ಗಮನಿಸಿದರು. 1920ರಲ್ಲಿ ಆಂಟ್ವರ್ಪಿಗೆ ತಂಡ ಹೋಯಿತು. ಆ ತಂಡದ ಮ್ಯಾರಥಾನ್ ಓಟಗಾರ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ, ಬಂದದ್ದು 19ನೆಯ ಸ್ಥಾನ. ಇಂದು ಶಾಲೆಯ ಮಕ್ಕಳನ್ನು ಈ ಹೆಸರು ಕೇಳಿ ನೋಡಿ. 1924ರಲ್ಲಿ ಪ್ಯಾರಿಸ್ಸಿಗೆ ಆಟಗಾರರನ್ನು ಆರಿಸಲು ಅಖಿಲ ಭಾರತ ಒಲಿಂಪಿಕ್ ಪಂದ್ಯಗಳೆಂಬ ಹೆಸರಿನಲ್ಲಿ ಒಂದು ಕೂಟ ನಡೆಯಿತು. ಇಂದಿನ ರಾಷ್ಟ್ರೀಯ ಕ್ರೀಡಾಕೂಟದ ಮೂಲ ಅದೇ. ಈಗಿನ ಹೆಸರು ಬಂದದ್ದು 1940ರಲ್ಲಿ. ಹೀಗೆ ಬೀಜ ಬಿತ್ತಿದ್ದು ಬರಿಗಾಲು. ಆದರೆ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ಕುರ್ಚಿಯ ಮೇಲೆ ಬರಿಗಾಲಿನವನು ಕೂರಲಿಲ್ಲ.

ಕೂತವರ ಪಟ್ಟಿ ನೋಡಿ. ಮೊದಲು ದೊರಾಬ್ಜಿ ಟಾಟಾ. 1928ರಿಂದ 1938ರವರೆಗೆ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ಅನಂತರ 1960ರವರೆಗೆ ಅವರ ಮಗ ಮಹಾರಾಜ ಯಾದವೀಂದ್ರ ಸಿಂಗ್. ಅನಂತರ 1975ರವರೆಗೆ ಇನ್ನೊಬ್ಬ ಮಗ ರಾಜಾ ಭಲೀಂದ್ರ ಸಿಂಗ್. ಸಾಲದೆಂಬಂತೆ 1980ರಲ್ಲಿ ಮತ್ತೆ ಅವರೇ. ಸಂಸ್ಥಾನಗಳು ವಿಲೀನವಾದವು, ರಾಜಧನ ರದ್ದಾಯಿತು, ಒಲಿಂಪಿಕ್ ಸಂಸ್ಥೆಯ ಜಹಗೀರು ಮಾತ್ರ ಅಪ್ಪನಿಂದ ಮಕ್ಕಳಿಗೆ ದಾಟುತ್ತಲೇ ಇತ್ತು. ಅರಮನೆ ಮುಗಿದ ಮೇಲೆ ಪುಢಾರಿಗಳ ಸರದಿ. 1984ರಿಂದ 1987ರವರೆಗೆ ವಿದ್ಯಾಚರಣ ಶುಕ್ಲ, ಅಂದರೆ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿಗೆ ಬೀಗ ಜಡಿದ ಅದೇ ಮಂತ್ರಿಗಳು. 1996ರಿಂದ 2011ರವರೆಗೆ ಹದಿನೈದು ವರ್ಷ ಸುರೇಶ್ ಕಲ್ಮಾಡಿ. ಈ ಸಂಸ್ಥೆಯ ಚುನಾವಣೆಯ ರೀತಿ ನೋಡಲಾರದೆ 2012ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಅದನ್ನು ಅಮಾನತಿನಲ್ಲಿಟ್ಟಿತು. 2014ರ ಫೆಬ್ರುವರಿಯವರೆಗೆ ಭಾರತಕ್ಕೆ ಅಲ್ಲಿ ಮಾನ್ಯತೆಯೇ ಇರಲಿಲ್ಲ. 2022ರ ಕೊನೆಯಲ್ಲಿ ಪಿ.ಟಿ. ಉಷಾ ಅಧ್ಯಕ್ಷೆಯಾದರು. ಸಂತೋಷ. ಆದರೆ ಅವರೂ ಆಗ ಆಳುವ ಸರ್ಕಾರ ನಾಮಕರಣ ಮಾಡಿದ ರಾಜ್ಯಸಭಾ ಸದಸ್ಯೆ. 'ಕ್ರೀಡೆಯಲ್ಲಿ ರಾಜಕೀಯ ತರಬೇಡಿ' ಎಂದು ನಮಗೆ ಬುದ್ಧಿ ಹೇಳುವವರು ಈ ಪಟ್ಟಿಯನ್ನು ಒಮ್ಮೆ ಗಟ್ಟಿಯಾಗಿ ಓದಲಿ.

ಅರಮನೆಯ ಆ ಕಾಲದಲ್ಲೇ ಕರಾಡದ ಹತ್ತಿರದ ಗೋಳೇಶ್ವರದಲ್ಲಿ ಖಾಶಾಬಾ ಜಾಧವ್ ಎಂಬ ಕುಸ್ತಿಪಟು ಇದ್ದರು. 1952ರ ಹೆಲ್ಸಿಂಕಿಗೆ ಹೋಗಲು ಅವರಿಗೆ ಹಣವಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು, ಊರಿನವರು ಚಂದಾ ಎತ್ತಿದರು. ಜಾಧವ್ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳಲ್ಲಿ ಜನ ಅವರನ್ನು ಮೆರವಣಿಗೆ ಮಾಡಿದರು. ಸರ್ಕಾರ ಕೊಟ್ಟದ್ದೇನು? ಪೊಲೀಸ್ ಇಲಾಖೆಯಲ್ಲಿ ಒಂದು ಕೆಲಸ. ನಿವೃತ್ತಿಯ ನಂತರ ನಿವೃತ್ತಿವೇತನಕ್ಕೂ ಅವರು ಅಲೆಯಬೇಕಾಯಿತು. 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು 2001ರಲ್ಲಿ, ಕೊರಳಿಲ್ಲದಾಗ ಹಾರ. ಹವ್ಯಾಸಿ ಎಂಬ ಪದದ ಅರ್ಥ ತಿಳಿಯಬೇಕಾದವರು ನಿಘಂಟು ನೋಡುವುದು ಬೇಡ, ಆ ಪ್ರಾಚಾರ್ಯರ ಒತ್ತೆ ಪತ್ರ ನೋಡಿದರೆ ಸಾಕು.

ಇನ್ನು ಈ ಕೂಟ ನಡೆಸುವ ವೈಖರಿ. ಎರಡು ವರ್ಷಕ್ಕೊಮ್ಮೆ ನಡೆಸುವುದೆಂದು ಮಾತು. ನಡೆದದ್ದು ನೋಡಿ: 2002ರಲ್ಲಿ ಹೈದರಾಬಾದು, 2007ರಲ್ಲಿ ಗುವಾಹಟಿ, 2011ರಲ್ಲಿ ರಾಂಚಿ, 2015ರಲ್ಲಿ ಕೇರಳ. ಆಮೇಲೆ ಏಳು ವರ್ಷ ಸುದ್ದಿಯಿಲ್ಲ. ಗೋವಾ 2016ರಲ್ಲಿ ನಡೆಸುತ್ತೇನೆಂದು ಒಪ್ಪಿಕೊಂಡು, ಆಗಲಿಲ್ಲ, ಈಗಲ್ಲ, ಮುಂದಿನ ವರ್ಷ ಎಂದು ಮುಂದೂಡುತ್ತ ಹೋಗಿ ಕೊನೆಗೆ 2023ರಲ್ಲಿ ನಡೆಸಿತು. 2015ರಲ್ಲಿ ಹದಿನೆಂಟು ತುಂಬಿದ್ದ ಓಟಗಾರ 2022ರಲ್ಲಿ ಇಪ್ಪತ್ತೈದು. ಓಟಗಾರನ ಕಾಲಿಗೆ ದೇವರು ಕೊಟ್ಟಿರುವುದೇ ಹತ್ತು ವರ್ಷ. ಅದರಲ್ಲಿ ಏಳನ್ನು ಅಧಿಕಾರಿಗಳು ಕಡತದಲ್ಲಿ ಕಟ್ಟಿಟ್ಟರು. ಗುಜರಾತಿನಲ್ಲಿ ಮಾತ್ರ ಪವಾಡವಾಯಿತು. ನೂರು ದಿನದೊಳಗೆ ಎಲ್ಲ ಸಿದ್ಧವಾಗಿ 2022ರ ಸೆಪ್ಟೆಂಬರ್ 29ರಂದು ಅಹಮದಾಬಾದಿನಲ್ಲಿ, ಹಾಲಿ ಪ್ರಧಾನಿಗಳ ಹೆಸರೇ ಹೊತ್ತ ಕ್ರೀಡಾಂಗಣದಲ್ಲಿ, ಅದೇ ಪ್ರಧಾನಿಗಳಿಂದ ಉದ್ಘಾಟನೆ ನಡೆಯಿತು. ಏಳು ವರ್ಷ ಆಗದ ಕೆಲಸ ನೂರು ದಿನದಲ್ಲಿ ಆಯಿತಲ್ಲ, ಹೇಗೆ? ಆ ವರ್ಷ ಡಿಸೆಂಬರಿನಲ್ಲಿ ಗುಜರಾತಿನಲ್ಲಿ ವಿಧಾನಸಭಾ ಚುನಾವಣೆ ಇತ್ತು. ಇಷ್ಟು ಹೇಳಿದರೆ ನಮ್ಮ ಓದುಗರಿಗೆ ಸಾಕು.

ಜಾರ್ಖಂಡದ್ದು ಇನ್ನೊಂದು ಕಥೆ. ಮತ್ತೆ ಮತ್ತೆ ಮುಂದೂಡಿ 2011ರ ಫೆಬ್ರುವರಿಯಲ್ಲಿ ರಾಂಚಿಯಲ್ಲಿ ಕೂಟ ನಡೆಯಿತು. ಹೋಟವಾರದಲ್ಲಿ ಭಾರಿ ಕ್ರೀಡಾ ಸಂಕೀರ್ಣ ಎದ್ದಿತು, ಬಿರ್ಸಾ ಮುಂಡಾನ ಹೆಸರೂ ಇಟ್ಟರು. ಸಾಮಾನು ಖರೀದಿಯಲ್ಲಿ, ಕಟ್ಟಡದಲ್ಲಿ ಹಣ ತಿಂದ ಆರೋಪಗಳು ಕೂಟದ ಬೆನ್ನಿಗೇ ಬಂದವು. ರಾಜ್ಯದ ತನಿಖೆ ಹನ್ನೊಂದು ವರ್ಷ ತೆವಳಿತು. 2022ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಬೇಸತ್ತು ಸಿ.ಬಿ.ಐ.ಗೆ ವಹಿಸಿತು. ಅದೇ ರಾಂಚಿಯ ಮಗ್ಗುಲಲ್ಲಿ ಆಟೋ ಓಡಿಸುವವನ ಮಗಳು ದೀಪಿಕಾ ಕುಮಾರಿ ಬಿಲ್ಲು ಹಿಡಿದು ಪ್ರಪಂಚ ಗೆದ್ದಳು. ನಮ್ಮನ್ನು ಕೇಳಿದರೆ, ಆದಿವಾಸಿ ವೀರನ ಹೆಸರು ಕಲ್ಲಿನ ಮೇಲೆ ಕೆತ್ತುವುದಕ್ಕಿಂತ ಅವನ ನಾಡಿನ ಹತ್ತು ಊರಿಗೆ ಹತ್ತು ಬಿಲ್ಲು ಕೊಡುವುದು ದೊಡ್ಡ ಗೌರವ. ಕೇರಳದಲ್ಲಿ 2015ರಲ್ಲಿ ಉದ್ಘಾಟನೆಗೆ ಸಿನಿಮಾ ನಟ ಮೋಹನ್‌ಲಾಲರ ಸಂಗೀತ ಕಾರ್ಯಕ್ರಮವಿಟ್ಟರು. ಜನ ಬಯ್ದರು. ನಟರು ತಾವು ಪಡೆದ 1.63 ಕೋಟಿ ರೂಪಾಯಿ ಹಿಂದಿರುಗಿಸಿದರು. ಅವರು ಹಿಂದಿರುಗಿಸಿದ್ದು ಅವರ ದೊಡ್ಡತನ. ಒಂದು ಸಂಜೆಯ ಹಾಡಿಗೆ ಅಷ್ಟು ಹಣ ಬರೆದ ಕೈ ಯಾವುದು?

ಪರರಾಜ್ಯದ ಮಾತೇಕೆ, ನಮ್ಮ ಮನೆಯನ್ನೇ ನೋಡೋಣ. 1997ರಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಕಂಠೀರವ ಕ್ರೀಡಾಂಗಣ ಹೊಸದಾಯಿತು, ಕೋರಮಂಗಲದಲ್ಲಿ ಒಳಾಂಗಣ ಕ್ರೀಡಾಂಗಣ ಎದ್ದಿತು. ಆ ಕೂಟದಲ್ಲಿ ಕರ್ನಾಟಕ ಮೊದಲ ಸ್ಥಾನ ಪಡೆಯಿತು, ನಾವೂ ಹೆಮ್ಮೆಪಟ್ಟೆವು. ಆಟಗಾರರು ಉಳಿಯಲೆಂದು ಕೋರಮಂಗಲದಲ್ಲೇ ಒಂದು 'ಗ್ರಾಮ' ಕಟ್ಟಿದರು. ಹೆಸರು ನ್ಯಾಷನಲ್ ಗೇಮ್ಸ್ ವಿಲೇಜ್. ಗ್ರಾಮವೆಂದರೆ ದನಕರು, ಕೆರೆಕಟ್ಟೆ ಎಂದು ನಮ್ಮ ಹಳ್ಳಿಯ ಓದುಗರು ಭಾವಿಸಬಾರದು. ಅಂತಸ್ತಿನ ಮೇಲೆ ಅಂತಸ್ತು ಏರಿದ ಮಹಡಿ ಮನೆಗಳು. ಆಟಗಾರರು ಅಲ್ಲಿ ಕೆಲವು ದಿನ ಮಲಗಿ ಎದ್ದು ತಮ್ಮ ಊರಿಗೆ ಹೋದರು. ಮನೆಗಳು ಮಾರಾಟವಾದವು. ಇಂದು ಅದು ರಾಜಧಾನಿಯ ಬೆಲೆಬಾಳುವ ವಸತಿಗಳಲ್ಲೊಂದು. ಅಲ್ಲೊಂದು ಮನೆ ಕೊಳ್ಳುವುದಿರಲಿ, ಬಾಡಿಗೆಗೆ ಹಿಡಿಯುವುದೂ ತಾಲ್ಲೂಕಿನ ದೈಹಿಕ ಶಿಕ್ಷಕನ ಸಂಬಳಕ್ಕೆ ಎಟುಕದು. ಸಾರ್ವಜನಿಕ ನೆಲ, ಸಾರ್ವಜನಿಕ ಉದ್ದೇಶ; ಅನುಭವಿಸುವವರು ಖಾಸಗಿ.

ಆ ಗ್ರಾಮದ ಪಕ್ಕದಲ್ಲೇ ಇನ್ನೊಂದು ವಸತಿ ಇತ್ತು. ಈಜಿಪುರದ ಬಡವರ ಕ್ವಾರ್ಟರ್ಸು, ಆರ್ಥಿಕವಾಗಿ ದುರ್ಬಲರಾದವರಿಗೆಂದು ಪಾಲಿಕೆ ಕಟ್ಟಿದ್ದು. ಕಟ್ಟಿದ ಕೆಲವೇ ವರ್ಷಗಳಲ್ಲಿ ಆ ಮನೆಗಳು ಶಿಥಿಲವಾದವು. ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಆ ನೆಲದಲ್ಲಿ ಅರ್ಧಕ್ಕೆ ಮಾಲ್ ಕಟ್ಟಲು ಖಾಸಗಿ ಕಂಪನಿಯೊಂದಿಗೆ ಪಾಲಿಕೆ ಕರಾರು ಮಾಡಿಕೊಂಡಿತು. 2013ರ ಜನವರಿಯಲ್ಲಿ ಬುಲ್ಡೋಜರು, ಪೊಲೀಸರು ಬಂದು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಬೀದಿಗೆ ತಳ್ಳಿದರು. ಮನೆಗೆಲಸದ ಹೆಂಗಸರು, ಪೌರಕಾರ್ಮಿಕರು, ಕಟ್ಟಡ ಕೂಲಿಗಳು ಕಾಲುದಾರಿಯಲ್ಲಿ ಮಕ್ಕಳನ್ನು ಮಲಗಿಸಿದರು. ಒಂದೇ ಕೋರಮಂಗಲ, ಒಂದೇ ಸರ್ಕಾರಿ ನೆಲ. ಒಂದು ಕಡೆ ಹದಿನೈದು ದಿನದ ಆಟದ ನೆಪದಲ್ಲಿ ಎದ್ದ ಮಹಡಿಗಳು ಗಟ್ಟಿಯಾಗಿ ನಿಂತಿವೆ, ಇನ್ನೊಂದು ಕಡೆ ಬದುಕಲೆಂದು ಕಟ್ಟಿದ ಮನೆಗಳು ನೆಲಸಮವಾದವು. ಎರಡಕ್ಕೂ ಸಿಮೆಂಟು ಕಲೆಸಿದವರು ಒಂದೇ ವರ್ಗದ ಜನ.

ಕೂಟದ ಒಳಗಿನ ಕೊಳೆಯ ಕಡೆಗೂ ಕಣ್ಣು ಹಾಯಿಸಬೇಕು, ಏಕೆಂದರೆ ಅದೂ ಈ ಹವ್ಯಾಸದ ಸೋಗಿನಿಂದಲೇ ಹುಟ್ಟಿದ್ದು. ಉತ್ತರಾಖಂಡದ ಕೂಟದಲ್ಲಿ ಟೇಕ್ವಾಂಡೋ ಪಂದ್ಯಗಳು ಆರಂಭವಾಗುವ ಮೊದಲೇ ಪದಕಗಳಿಗೆ ದರಪಟ್ಟಿ ಇತ್ತೆಂಬ ಆರೋಪ ಬಂತು: ಚಿನ್ನಕ್ಕೆ 3 ಲಕ್ಷ, ಬೆಳ್ಳಿಗೆ 2 ಲಕ್ಷ, ಕಂಚಿಗೆ 1 ಲಕ್ಷ. ಹದಿನಾರು ತೂಕದ ವಿಭಾಗಗಳಲ್ಲಿ ಹತ್ತರ ಫಲಿತಾಂಶ ಮೊದಲೇ ನಿಶ್ಚಯವಾಗಿತ್ತಂತೆ. ಇದು ಬೀದಿಯ ಮಾತಲ್ಲ. ಕೂಟ ನಡೆಸುತ್ತಿದ್ದ ಸಮಿತಿಯೇ 2025ರ ಫೆಬ್ರುವರಿ ಮೊದಲ ವಾರ ಇದನ್ನು ಹೇಳಿ ಆ ಪಂದ್ಯಗಳ ನಿರ್ದೇಶಕರನ್ನು ಬದಲಿಸಿತು. ಆರೋಪ ರುಜುವಾತಾಗಬೇಕಾದ್ದು ಬೇರೆ ಮಾತು. ಆದರೆ ಮೂರು ಲಕ್ಷ ಕೊಟ್ಟು ಚಿನ್ನ ಕೊಳ್ಳುವವನಿದ್ದಾನೆ ಎಂದು ನಂಬಲು ಎಲ್ಲರಿಗೂ ಸುಲಭವಾದದ್ದೇಕೆ? ಆ ಚಿನ್ನದ ತಗಡಿನ ಹಿಂದೆ ಒಂದು ನೌಕರಿ ಇದೆ. ಗೆದ್ದವನಿಗೆ ರಾಜ್ಯಗಳು ಲಕ್ಷಗಟ್ಟಲೆ ಬಹುಮಾನ ಕೊಡುತ್ತವೆ, ಪೊಲೀಸ್, ರೈಲ್ವೆಗಳಲ್ಲಿ ಕ್ರೀಡಾ ಕೋಟಾ ಇದೆ. ಸೋತವನಿಗೆ ಗದ್ದೆಯೋ ಗಾರೆಯೋ. ಹತ್ತು ವರ್ಷದ ದುಡಿಮೆಯನ್ನೆಲ್ಲ ಹತ್ತು ಸೆಕೆಂಡಿನ ಜೂಜಿಗೆ ಇಡು ಎಂದು ಹುಡುಗನಿಗೆ ಹೇಳಿ, ಅವನು ಸೂಜಿಮದ್ದು ಚುಚ್ಚಿಕೊಂಡಾಗ ನೀತಿಪಾಠ ಹೇಳುತ್ತಾರೆ! 2023ರಲ್ಲಿ ಭಾರತದ ಆಟಗಾರರ 5,606 ಮಾದರಿಗಳನ್ನು ಪರೀಕ್ಷಿಸಿದಾಗ 213ರಲ್ಲಿ ನಿಷಿದ್ಧ ಔಷಧ ಸಿಕ್ಕಿತೆಂದು ಅಂತರರಾಷ್ಟ್ರೀಯ ಲೆಕ್ಕ ಹೇಳುತ್ತದೆ. ಹೆಚ್ಚು ಪರೀಕ್ಷೆ ನಡೆಸುವ ದೊಡ್ಡ ದೇಶಗಳಲ್ಲಿ ಅದೇ ಮೇಲಿನ ಪ್ರಮಾಣ. ಸೂಜಿ ಹಿಡಿದವನನ್ನು ನಾವು ಸಮರ್ಥಿಸುವುದಿಲ್ಲ. ಸೂಜಿಯ ಅಂಗಡಿ ತೆರೆದವರನ್ನು, ಅವನ ಹಿಂದೆ ನಿಂತ ತರಬೇತುದಾರನನ್ನು, ಕಣ್ಣು ಮುಚ್ಚಿದ ಫೆಡರೇಷನ್ನನ್ನು ಬಿಟ್ಟು ಹುಡುಗನೊಬ್ಬನನ್ನೇ ಶೂಲಕ್ಕೇರಿಸುವುದನ್ನು ವಿರೋಧಿಸುತ್ತೇವೆ.

ಹೊಟ್ಟೆಯ ಚಿಂತೆ ತಪ್ಪಿದ ಆಟಗಾರ ಏನು ಮಾಡಬಲ್ಲ ಎಂಬುದಕ್ಕೆ ಇದೇ ಕೂಟದಲ್ಲಿ ರುಜುವಾತಿದೆ. 2007, 2011, 2015, 2022, ಈ ನಾಲ್ಕೂ ಬಾರಿ ಪದಕ ಪಟ್ಟಿಯ ತುದಿಯಲ್ಲಿ ನಿಂತದ್ದು ಯಾವ ರಾಜ್ಯವೂ ಅಲ್ಲ, ಸೈನ್ಯದ ತಂಡ. 2023ರಲ್ಲಿ ಮಹಾರಾಷ್ಟ್ರ 80 ಚಿನ್ನದೊಂದಿಗೆ ಅದನ್ನು ಹಿಂದೆ ಹಾಕಿತು. 2025ರಲ್ಲಿ ಮತ್ತೆ ಸೈನ್ಯವೇ, 68 ಚಿನ್ನ. ಸೈನ್ಯದವರು ಬೇರೆ ಮಣ್ಣಿನಿಂದ ಬಂದವರೇ? ಅದೇ ರೈತರ, ಕೂಲಿಕಾರರ ಮಕ್ಕಳು. ಅವರಿಗೆ ತಿಂಗಳ ಸಂಬಳವಿದೆ, ಹೊತ್ತಿಗೆ ಊಟವಿದೆ, ಕಾಲು ಮುರಿದರೆ ಆಸ್ಪತ್ರೆಯಿದೆ, ಓಡುವುದನ್ನೇ ಕೆಲಸವೆಂದು ಒಪ್ಪುವ ಮೇಲಧಿಕಾರಿಯಿದ್ದಾನೆ. ಹೀಗೆ ಹವ್ಯಾಸಿಗಳ ಕೂಟವನ್ನು ಗೆದ್ದವನು ಸಂಬಳದ ಆಟಗಾರ. ಸೈನ್ಯದಲ್ಲಿ ಇದು ಸರಿ ಎಂದಾದರೆ ಸಮಾಜದಲ್ಲಿ ಏಕೆ ತಪ್ಪು? ಬಂದೂಕು ಹಿಡಿಯಲು ಒಪ್ಪಿದರೆ ಮಾತ್ರ ಬಡವನ ಮಗನಿಗೆ ಹಾಲು ಮೊಟ್ಟೆಯೇ?

ಕರ್ನಾಟಕವೂ 2025ರಲ್ಲಿ ಮೊದಲ ಐದರ ಸಾಲಿನಲ್ಲಿ ಬಂತೆಂದು ಮಂತ್ರಿಗಳು ಬೆನ್ನು ತಟ್ಟಿಕೊಂಡರು. ಆ ಚಿನ್ನದ ಬಹು ದೊಡ್ಡ ಪಾಲು ಈಜುಕೊಳದಿಂದ ಬಂದದ್ದು. ಶ್ರೀಹರಿ ನಟರಾಜ್ ಒಂಬತ್ತು, ಧಿನಿಧಿ ದೇಸಿಂಗು ಒಂಬತ್ತು. ಆ ಮಕ್ಕಳ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಇಬ್ಬರೂ ಬೆಂಗಳೂರಿನವರು, ಈಜುಕೊಳಗಳೂ ಬೆಂಗಳೂರಿನವು. ತುಂಗಭದ್ರೆಯಲ್ಲಿ, ಕೃಷ್ಣೆಯಲ್ಲಿ, ಊರ ಕೆರೆಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಹುಡುಗರು ಎಷ್ಟಿಲ್ಲ! ಅಳತೆಯ ಕೊಳ, ಗಡಿಯಾರ ಹಿಡಿದ ಗುರು ಇವರಿಗೆ ಜಿಲ್ಲಾ ಕೇಂದ್ರದಲ್ಲೂ ದುರ್ಲಭ. ಕಬಡ್ಡಿ ನಮ್ಮ ಮಣ್ಣಿನ ಆಟ. ಈಗ ಅದನ್ನು ದೊಡ್ಡ ಕೂಟದಲ್ಲಿ ಮ್ಯಾಟಿನ ಮೇಲೆ ಆಡಿಸುತ್ತಾರೆ. ಶಾಲೆಯ ಅಂಗಳದಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗಿ ರಾಜ್ಯದ ಆಯ್ಕೆಗೆ ಹೋದಾಗ ಮೊದಲ ಬಾರಿಗೆ ಮ್ಯಾಟನ್ನೂ ಬೂಟನ್ನೂ ಕಾಣುತ್ತಾಳೆ, ಜಾರಿ ಬೀಳುತ್ತಾಳೆ, 'ಹಳ್ಳಿಯವರಿಗೆ ತಾಂತ್ರಿಕತೆ ಸಾಲದು' ಎಂದು ಆಯ್ಕೆಗಾರರು ಬರೆದುಕೊಳ್ಳುತ್ತಾರೆ. ದೈಹಿಕ ಶಿಕ್ಷಕರೇ ಇಲ್ಲದ ಸರ್ಕಾರಿ ಶಾಲೆಗಳು ಯಾವ ತಾಲ್ಲೂಕಿನಲ್ಲಿಲ್ಲ? ಇರುವ ಶಿಕ್ಷಕನಿಗೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆಯ ಪಟ್ಟಿ. ಇದ್ದ ಒಂದು ಮೈದಾನ ವಸ್ತುಪ್ರದರ್ಶನಕ್ಕೆ, ಸರ್ಕಸ್ಸಿಗೆ, ಮಂತ್ರಿಗಳ ಸಭೆಯ ಪೆಂಡಾಲಿಗೆ. ಪೆಂಡಾಲು ಕಿತ್ತ ಮೇಲೆ ಗುಂಡಿಗಳು ಮಾತ್ರ ಆಟಗಾರರ ಪಾಲು.

2020ರ ಫೆಬ್ರುವರಿಯ ಪ್ರಸಂಗ ಓದುಗರಿಗೆ ನೆನಪಿರಬಹುದು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆಯ ಶ್ರೀನಿವಾಸ ಗೌಡ ಎಂಬ ಯುವಕ ಕೆಸರಿನಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ. ಯಾರೋ ಭಾಗಾಕಾರ ಮಾಡಿ ಉಸೇನ್ ಬೋಲ್ಟನಿಗಿಂತ ವೇಗ ಎಂದರು. ಮರುದಿನದಿಂದ ದೇಶಕ್ಕೆ ದೇಶವೇ ಹುಚ್ಚೆದ್ದಿತು. ಕೇಂದ್ರದ ಕ್ರೀಡಾಮಂತ್ರಿಗಳು ಸಮಾಜಜಾಲದಲ್ಲೇ ಆಜ್ಞೆ ಹೊರಡಿಸಿ ಪರೀಕ್ಷೆಗೆ ಕರೆದರು. ಕೋಣ ಎಳೆಯುವ ಓಟವೂ ಪಟ್ಟಿಯ ಮೇಲಿನ ಓಟವೂ ಒಂದಲ್ಲ, ತನ್ನ ಓಟ ಕಂಬಳದ ಗದ್ದೆಯಲ್ಲಿ ಎಂದು ಆತ ನಯವಾಗಿ ತಿಳಿಸಿದ. ದಿಲ್ಲಿಯ ದೊಡ್ಡವರಿಗಿಂತ ಅವನಿಗೆ ಹೆಚ್ಚು ವಿವೇಕವಿತ್ತು. ನಾವು ಕೇಳುವುದು ಇದನ್ನು: ಕಟ್ಟಡ ಕೂಲಿ ಮಾಡುತ್ತಿದ್ದ ಆ ಯುವಕ ಇಪ್ಪತ್ತೆಂಟು ವರ್ಷ ತುಂಬುವವರೆಗೆ ಯಾವ ಇಲಾಖೆಯ ಕಣ್ಣಿಗೂ ಏಕೆ ಬೀಳಲಿಲ್ಲ? ಹತ್ತು ವರ್ಷದ ಹುಡುಗನಾಗಿದ್ದಾಗ ಅವನ ಓಟವನ್ನು ಗಡಿಯಾರ ಹಿಡಿದು ನೋಡುವವರು ಊರಲ್ಲಿ ಒಬ್ಬರಿದ್ದಿದ್ದರೆ?

'ಸರ್ಕಾರ ಏನೂ ಮಾಡಿಲ್ಲವೇ?' ಎಂದು ಆಳುವ ಪಕ್ಷದ ಮಿತ್ರರು ಕೇಳಿಯಾರು. ಮಾಡಿದ್ದನ್ನು ಅಲ್ಲಗಳೆಯುವುದಿಲ್ಲ. 'ಖೇಲೋ ಇಂಡಿಯಾ' ಯೋಜನೆಗೆ 2025-26ರ ಬಜೆಟ್ಟಿನಲ್ಲಿ 1,000 ಕೋಟಿ ಇಟ್ಟರು. ಆರಿಸಿದ ಆಟಗಾರನಿಗೆ ವರ್ಷಕ್ಕೆ 6.28 ಲಕ್ಷದವರೆಗೆ ವೆಚ್ಚ, ಅದರಲ್ಲಿ ಕೈಖರ್ಚಿಗೆಂದು 1.20 ಲಕ್ಷ ನೇರವಾಗಿ ಅವನ ಕೈಗೆ. ಇದು ಸರಿಯಾದ ದಾರಿ, ನಾವು ಸ್ವಾಗತಿಸುತ್ತೇವೆ. ಆದರೆ ಹಾಗೆ ಆರಿಸಲ್ಪಟ್ಟವರು ಇಡೀ ದೇಶದಲ್ಲಿ ಮೂರು ಸಾವಿರದ ಆಸುಪಾಸು. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಇದು ಸಮುದ್ರಕ್ಕೆ ಸೌಟು. ಈ ಮಧ್ಯೆ 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ದಕ್ಕಿತು, 2036ರ ಒಲಿಂಪಿಕ್ಸನ್ನೂ ತರುತ್ತೇವೆಂಬ ಹಟ ಹೊರಟಿತು. ಅಡಿಪಾಯವಿಲ್ಲದೆ ಗೋಪುರಕ್ಕೆ ಕಲಶ ಇಡುವ ಅವಸರ!

ಆಟಗಾರರು ತಮ್ಮ ಬಾಯಲ್ಲೇ ಮಾತಾಡಿದರೆ ಏನಾಗುತ್ತದೆಂದು 2023ರ ಮೇ 28ರಂದು ದೇಶ ಕಂಡಿತು. ಕುಸ್ತಿ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಆಳುವ ಪಕ್ಷದ ಸಂಸದರ ಮೇಲೆ ಲೈಂಗಿಕ ಕಿರುಕುಳದ ದೂರು ಹೊತ್ತು ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಮೊದಲಾದವರು ಜಂತರ್ ಮಂತರ್‌ನಲ್ಲಿ ಧರಣಿ ಕೂತಿದ್ದರು. ಹೊಸ ಸಂಸತ್ ಭವನದ ಉದ್ಘಾಟನೆಯ ಅದೇ ದಿನ, ದೇಶಕ್ಕೆ ಪದಕ ತಂದ ಹೆಣ್ಣುಮಕ್ಕಳನ್ನು ಪೊಲೀಸರು ಬೀದಿಯಲ್ಲಿ ಎಳೆದೊಯ್ದರು. ಇವರ ಹಿಂದೆ ಒಂದು ಗಟ್ಟಿಯಾದ ಸಂಘವಿದ್ದಿದ್ದರೆ, ಗಿರಣಿ ಕೆಲಸಗಾರರ ಹಾಗೆ, ಸಾರಿಗೆ ನೌಕರರ ಹಾಗೆ, ದೇಶದ ಹತ್ತು ಸಾವಿರ ಆಟಗಾರರು 'ನಮ್ಮ ಅಕ್ಕತಂಗಿಯರಿಗೆ ನ್ಯಾಯ ಸಿಗುವವರೆಗೆ ನಾವು ಕಣಕ್ಕಿಳಿಯುವುದಿಲ್ಲ' ಎಂದಿದ್ದರೆ, ಆ ಲಾಠಿ ಏಳುತ್ತಿತ್ತೇ? ಆಟಗಾರನಿಗೆ ಸಂಘವಿಲ್ಲ, ಏಕೆಂದರೆ ಅವನು ಕೆಲಸಗಾರನಲ್ಲ, ಹವ್ಯಾಸಿ. ಆ ಪದದ ನಿಜವಾದ ಉಪಯೋಗ ಇದೇ.

ಆದುದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿದೆ. ಜಿಲ್ಲಾ ಮಟ್ಟದಿಂದ ಮೇಲಕ್ಕೆ ಆಯ್ಕೆಯಾದ ಪ್ರತಿಯೊಬ್ಬ ಆಟಗಾರನಿಗೆ ತರಬೇತಿಯ ದಿನಗಳಿಗೆಲ್ಲ ಕನಿಷ್ಠ ಕೂಲಿಯ ದರದಲ್ಲಿ ದಿನಭತ್ಯೆ ಕೊಡಬೇಕು, ಗೆದ್ದರೂ ಸೋತರೂ. ಗಾಯಕ್ಕೆ ವಿಮೆ ಇರಬೇಕು. ಆಟಗಾರರು ಸಂಘ ಕಟ್ಟಲು, ಒಲಿಂಪಿಕ್ ಸಂಸ್ಥೆಯ ಆಡಳಿತದಲ್ಲಿ ತಮ್ಮ ಮತದಿಂದ ಆರಿಸಿದ ಪ್ರತಿನಿಧಿಗಳನ್ನು ಕೂರಿಸಲು ಹಕ್ಕಿರಬೇಕು. 2025ರ ಕ್ರೀಡಾ ಆಡಳಿತ ಕಾಯಿದೆ ಮಂಡಳಿ, ನ್ಯಾಯಮಂಡಳಿ ಎಂದು ಬಹಳ ಹೇಳುತ್ತದೆ. ಹೊಲದಿಂದ ಬಂದ ಹುಡುಗಿಯ ಒಂದು ಮತದ ಬೆಲೆ ಎಷ್ಟೆಂಬುದನ್ನು ಮಾತ್ರ ಆಚರಣೆಯಲ್ಲೇ ನೋಡಬೇಕು. ಪ್ರತಿ ತಾಲ್ಲೂಕಿಗೂ ಒಂದು ಓಟದ ಪಟ್ಟಿ, ಒಂದು ಕಬಡ್ಡಿ ಮ್ಯಾಟು, ಒಬ್ಬ ತರಬೇತುದಾರ ಆಗುವವರೆಗೆ ರಾಜಧಾನಿಯಲ್ಲಿ ಹೊಸ ಕ್ರೀಡಾಂಗಣಕ್ಕೆ ಒಂದು ಇಟ್ಟಿಗೆಯೂ ಬೇಡ. ಯಾವ ರಾಜ್ಯ ಈ ಕೂಟ ನಡೆಸಿದರೂ ಮುಗಿದ ಆರು ತಿಂಗಳಲ್ಲಿ ಪೈಸೆ ಪೈಸೆಯ ಲೆಕ್ಕವನ್ನು ಆ ರಾಜ್ಯದ ಭಾಷೆಯಲ್ಲಿ ಅಚ್ಚು ಹಾಕಿ ಹಂಚಬೇಕು.

ಲೆಕ್ಕದ ಮಾತು ನಮ್ಮ ಮನೆಯಿಂದಲೇ ಶುರುವಾಗಲಿ. 1997ರ ಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ಮನೆಗಳು ಒಟ್ಟು ಎಷ್ಟು, ಪ್ರತಿಯೊಂದನ್ನು ಯಾವ ಬೆಲೆಗೆ ಯಾವ ವರ್ಗದವರಿಗೆ ಕೊಟ್ಟರು, ಅವುಗಳಲ್ಲಿ ರಾಜ್ಯಕ್ಕೆ ಪದಕ ತಂದ ಆಟಗಾರರಿಗೆ ಸಿಕ್ಕದ್ದು ಎಷ್ಟು, ಬಂದ ಹಣ ಯಾವ ಮೈದಾನಕ್ಕೆ ಹೋಯಿತು? ನಮ್ಮ ಜಿಲ್ಲೆಯ ಶಾಸಕರಲ್ಲಿ ಯಾರಾದರೊಬ್ಬರು ಮುಂದಿನ ಅಧಿವೇಶನದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಎತ್ತಲಿ. ಉತ್ತರ ಬಂದ ವಾರವೇ ಅದನ್ನು ಇದೇ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಪ್ರಶ್ನೆಗಳನ್ನೇ ಪ್ರತಿವಾರ ಅಚ್ಚು ಹಾಕುತ್ತೇವೆ.